ಜನಾಂಗೀಯ ಸಾಕ್ಷ್ಯಚಿತ್ರ: ತೆಗೆಯುವವರೂ ತೋರಿಸುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಊರಿನ, ಒಂದು ಸಮುದಾಯದ ಅಥವಾ ಒಂದು ಕಸುಬಿನ ಬದುಕನ್ನು ಹತ್ತಿರದಿಂದ ಕಂಡು ಚಿತ್ರವಾಗಿಸಬೇಕೆಂದು ಹೊರಟಿರುವ ವಿದ್ಯಾರ್ಥಿಗಳು, ಅಧ್ಯಾಪಕರು, ಹವ್ಯಾಸಿ ಛಾಯಾಗ್ರಾಹಕರು ಮತ್ತು ತಮ್ಮ ಊರಿನ ಆಚರಣೆಗಳು ಮರೆಯಾಗುವ ಮುನ್ನ ದಾಖಲಾಗಲಿ ಎಂದು ಬಯಸುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದಕ್ಕೆ ಸಣ್ಣ ಉತ್ತರವಿದೆ. ಚಿತ್ರವನ್ನು ಯಾರಿಗೆ, ಯಾವಾಗ, ಹೇಗೆ ತೋರಿಸಬೇಕು ಎಂಬುದಕ್ಕೆ ದೀರ್ಘವಾದ ಉತ್ತರಗಳಿವೆ. ತೋರಿಸುವ ಯೋಚನೆಯನ್ನು ಕೊನೆಗೆ ಮುಂದೂಡಿದ ಚಿತ್ರಗಳೇ ಹೆಚ್ಚಾಗಿ ತೊಡಕಿಗೆ ಸಿಲುಕಿದ್ದನ್ನು ಕಂಡ ಅನುಭವವೇ ಇದಕ್ಕೆ ಕಾರಣ.

ಜನಾಂಗೀಯ ಸಾಕ್ಷ್ಯಚಿತ್ರ ಎಂದರೇನು? ಉಳಿದ ಸಾಕ್ಷ್ಯಚಿತ್ರಗಳಿಗಿಂತ ಅದು ಹೇಗೆ ಬೇರೆ?

ಪತ್ರಿಕೆ ಓದುವ ಕನ್ನಡಿಗರಿಗೆ ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಮಾತು ಪರಿಚಿತವಾದದ್ದೇ. ಒಂದು ಸಮುದಾಯವನ್ನು ಮೀಸಲಾತಿಯ ಯಾವ ಪಟ್ಟಿಗೆ ಸೇರಿಸಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಆ ಮಾತು ಸುದ್ದಿಗೆ ಬರುತ್ತದೆ. ಅಂತಹ ವರದಿಯ ಉದ್ದೇಶ ಸರ್ಕಾರಕ್ಕೆ ಸಾಕ್ಷ್ಯ ಒದಗಿಸುವುದು. ಜನಾಂಗೀಯ ಸಾಕ್ಷ್ಯಚಿತ್ರವೂ ಕ್ಷೇತ್ರಕಾರ್ಯದಿಂದಲೇ ಹುಟ್ಟುತ್ತದೆಯಾದರೂ ಅದು ಪಟ್ಟಿ ಮಾಡುವುದಕ್ಕಿಂತ ಹೆಚ್ಚಾಗಿ ಜನ ಹೇಗೆ ಬದುಕುತ್ತಾರೆ, ತಮ್ಮ ಬದುಕಿಗೆ ಅವರೇ ಯಾವ ಅರ್ಥ ಕೊಡುತ್ತಾರೆ ಎಂಬುದನ್ನು ಅವರ ಮಾತು, ಮೈಯ ಚಲನೆ ಮತ್ತು ಕೆಲಸದ ಲಯದ ಮೂಲಕ ಕಾಣಿಸಲು ಯತ್ನಿಸುತ್ತದೆ. ಎರಡು ದಿನ ಊರಿಗೆ ಹೋಗಿ, ನಾಲ್ಕು ಸಂದರ್ಶನ ಪಡೆದು, ಮೇಲಿನಿಂದ ಡ್ರೋನ್ ಹಾರಿಸಿ ತಂದ ದೃಶ್ಯಗಳು ಒಳ್ಳೆಯ ವರದಿಯಾಗಬಹುದು, ಆದರೆ ಈ ಹೆಸರಿಗೆ ಅರ್ಹವಾಗುವುದಿಲ್ಲ. ವ್ಯತ್ಯಾಸವಿರುವುದು ಚಿತ್ರದ ಉದ್ದದಲ್ಲಾಗಲಿ ಗಂಭೀರ ಸ್ವರದಲ್ಲಾಗಲಿ ಅಲ್ಲ, ಚಿತ್ರ ತೆಗೆದವರು ಅಲ್ಲಿ ಕಳೆದ ಕಾಲದಲ್ಲಿ ಮತ್ತು ಆ ಜನರೊಂದಿಗೆ ಬೆಳೆಸಿಕೊಂಡ ಸಂಬಂಧದಲ್ಲಿ.

ಇದು ಎಂದಿನಿಂದ ನಡೆದುಬಂದಿದೆ?

ಸಿನಿಮಾ ಹುಟ್ಟಿದ ಕಾಲದಿಂದಲೇ ಎನ್ನಬಹುದು. 1898ರಲ್ಲಿ ಕೇಂಬ್ರಿಜ್‌ನ ಮಾನವಶಾಸ್ತ್ರಜ್ಞ ಎ.ಸಿ. ಹ್ಯಾಡನ್ ಅವರ ತಂಡ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಗಳ ನಡುವಿನ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಚಲನಚಿತ್ರ ಕ್ಯಾಮೆರಾವನ್ನೂ ಕೊಂಡೊಯ್ದಿತ್ತು. ಅಂದು ತೆಗೆದದ್ದರಲ್ಲಿ ಇಂದು ಉಳಿದಿರುವುದು ಕೆಲವೇ ನಿಮಿಷಗಳ ದೃಶ್ಯ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಉತ್ತರ ಕೆನಡಾದ ಇನೂಯಿಟ್ ಜನರ ನಡುವೆ ತೆಗೆದ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರಮಂದಿರಗಳಲ್ಲಿ ಗೆದ್ದಿತು. 1960ರ ಆಸುಪಾಸಿನಲ್ಲಿ ಹೆಗಲ ಮೇಲಿಟ್ಟು ನಡೆಯಬಹುದಾದ ಕ್ಯಾಮೆರಾ ಮತ್ತು ಅದರೊಂದಿಗೆ ಹೊಂದಿಕೊಂಡು ಧ್ವನಿಮುದ್ರಿಸುವ ಸಣ್ಣ ಯಂತ್ರ ಬಂದದ್ದು ನಿಜವಾದ ತಿರುವು. ಅಲ್ಲಿಯವರೆಗೆ ಜನರ ಬಗ್ಗೆ ಬೇರೊಬ್ಬರು ಮಾತನಾಡುತ್ತಿದ್ದರು. ಆಮೇಲೆ ಜನರೇ ಮಾತನಾಡುವುದು ಸಾಧ್ಯವಾಯಿತು.

ನನ್ನ ಊರಿನ, ನನ್ನ ಸಮುದಾಯದ ಬಗ್ಗೆಯೇ ಚಿತ್ರ ಮಾಡಬಹುದೆ? ಅದು ಪಕ್ಷಪಾತವಾಗುವುದಿಲ್ಲವೆ?

ಮಾಡಬಹುದು, ಮಾಡಬೇಕು. 1966ರಲ್ಲಿ ಸಾಲ್ ವರ್ತ್ ಮತ್ತು ಜಾನ್ ಅಡೇರ್ ಎಂಬ ವಿದ್ವಾಂಸರು ಅಮೆರಿಕದ ಅರಿಜೋನಾದಲ್ಲಿ ನವಾಹೊ ಜನರ ಕೈಗೇ ಕ್ಯಾಮೆರಾ ಕೊಟ್ಟು ಚಿತ್ರ ತೆಗೆಯುವುದನ್ನು ಕಲಿಸಿದರು. ಆರಂಭದಲ್ಲಿ ಅನುಮತಿ ಕೇಳಲು ಹೋದಾಗ ಅಲ್ಲಿನ ಹಿರಿಯರೊಬ್ಬರು, ಇದರಿಂದ ಕುರಿಗಳಿಗೆ ಕೇಡಾಗುತ್ತದೆಯೆ ಎಂದು ವಿಚಾರಿಸಿದರು. ಇಲ್ಲವೆಂದಾಗ, ಒಳಿತಾಗುತ್ತದೆಯೆ ಎಂದು ಕೇಳಿದರು. ಅದೂ ಇಲ್ಲವೆಂದಾಗ, ಹಾಗಾದರೆ ಏಕೆ ಮಾಡಬೇಕು ಎಂದರು. ಈ ಪ್ರಶ್ನೆಯನ್ನು ನಮ್ಮ ಸ್ವಂತ ಅಜ್ಜಿಯೂ ಕೇಳಬಹುದು, ಆಗ ಕೊಡಲು ನಮ್ಮಲ್ಲಿ ಉತ್ತರವಿರಬೇಕು. ಒಳಗಿನವರಿಗೆ ಭಾಷೆ ಮತ್ತು ನಂಬಿಕೆಯ ಅನುಕೂಲವಿದೆ, ಆದರೆ ಕಣ್ಣಿಗೆ ಅಭ್ಯಾಸವಾಗಿಬಿಟ್ಟದ್ದು ಕಾಣದೆ ಹೋಗುವ ಅನನುಕೂಲವೂ ಇದೆ. ಅದಕ್ಕಿಂತ ಮುಖ್ಯವಾಗಿ, ಊರಿನಲ್ಲಿ ನೀವು ಯಾವ ಕೇರಿಯವರು, ಯಾರ ಮನೆಯವರು ಎಂಬುದು ಯಾರು ನಿಮ್ಮೊಂದಿಗೆ ಮಾತನಾಡುತ್ತಾರೆ, ಯಾರು ಮಾತನಾಡುವುದಿಲ್ಲ ಎಂಬುದನ್ನು ಮೊದಲೇ ನಿರ್ಧರಿಸಿರುತ್ತದೆ. ಅದನ್ನು ಮುಚ್ಚಿಡದೆ ಚಿತ್ರದೊಳಗೇ ಹೇಳಿಬಿಡುವುದು ಪ್ರಾಮಾಣಿಕವಾದ ದಾರಿ.

ಕ್ಯಾಮೆರಾ ಹೊರತೆಗೆಯುವ ಮುನ್ನ ಎಷ್ಟು ದಿನ ಊರಿನಲ್ಲಿರಬೇಕು?

ಇಷ್ಟೇ ದಿನ ಎಂಬ ನಿಯಮವಿಲ್ಲ. ಕೃಷಿಗೆ ಅಂಟಿಕೊಂಡ ಬದುಕಾದರೆ ಬಿತ್ತನೆಯಿಂದ ಸುಗ್ಗಿಯವರೆಗೆ ಒಂದು ವರ್ಷದ ಚಕ್ರವನ್ನಾದರೂ ಕಾಣದೆ ಚಿತ್ರದ ವಿನ್ಯಾಸವನ್ನು ನಿಶ್ಚಯಿಸಬಾರದು. ಮೊದಲ ಕೆಲವು ಭೇಟಿಗಳಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ; ಊರಿನವರಿಗೆ ನೀವು ಯಾರು, ಸರ್ಕಾರದವರೋ, ಟಿ.ವಿ.ಯವರೋ, ಪಕ್ಷದವರೋ ಎಂಬ ಅನುಮಾನ ತೀರುವುದಕ್ಕೇ ಸಮಯ ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗಾಗಲಿ ನಾಗರಹೊಳೆಯ ಸುತ್ತಲಿನ ಜೇನು ಕುರುಬರ ಹಾಡಿಗಳಿಗಾಗಲಿ ಹೋಗುವವರು ಅರಣ್ಯ ಇಲಾಖೆಯ ಅನುಮತಿಯ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಬೇಕಾಗುತ್ತದೆ. ಆದರೆ ಇಲಾಖೆಯ ಅನುಮತಿ ಬೇರೆ, ಹಾಡಿಯವರ ಅನುಮತಿ ಬೇರೆ. ಒಂದು ಇನ್ನೊಂದರ ಬದಲಿಗೆ ಸಲ್ಲುವುದಿಲ್ಲ. ಅರಣ್ಯ ಸಿಬ್ಬಂದಿಯ ಜೀಪಿನಲ್ಲಿ ಹೋಗಿ ಇಳಿದರೆ ಜನ ನಿಮ್ಮನ್ನು ಯಾರ ಕಡೆಯವರೆಂದು ತಿಳಿಯುತ್ತಾರೆ ಎಂಬುದನ್ನೂ ಯೋಚಿಸಬೇಕು. ಇನ್ನು ಅಂಡಮಾನಿನ ಜಾರವಾ ಜನರಂತಹ ಸಮುದಾಯಗಳ ಚಿತ್ರೀಕರಣವೇ ಕಾನೂನಿನ ಪ್ರಕಾರ ಶಿಕ್ಷಾರ್ಹ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಸಾಕಲ್ಲವೆ?

ಸಾಲದು. ಚಿತ್ರೋತ್ಸವದವರೂ ಪ್ರಸಾರ ಮಾಡುವವರೂ ಕೇಳುತ್ತಾರಾದ್ದರಿಂದ ಕಾಗದದ ಒಪ್ಪಿಗೆ ಬೇಕಾಗುತ್ತದೆ, ಅದನ್ನು ಸರಳ ಕನ್ನಡದಲ್ಲಿ ಒಂದು ಪುಟಕ್ಕೆ ಮೀರದಂತೆ ಬರೆದುಕೊಳ್ಳಿ. ಆದರೆ ನಮ್ಮ ಹಳ್ಳಿಗಳಲ್ಲಿ ಕಾಗದ ಮತ್ತು ಹೆಬ್ಬೆಟ್ಟು ಎಂದರೆ ಜಮೀನು ಕಳೆದುಕೊಂಡ, ಸಾಲಕ್ಕೆ ಸಿಕ್ಕಿಬಿದ್ದ ನೆನಪುಗಳು ಬರುತ್ತವೆ. ಪರಿಚಯವಾದ ದಿನವೇ ಸಹಿ ಕೇಳಿದರೆ ಅಲ್ಲಿಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದವರೂ ಮೌನವಾಗುತ್ತಾರೆ. ನನ್ನ ಅನುಭವದಲ್ಲಿ ಉತ್ತಮವೆನಿಸಿದ ಕ್ರಮವೆಂದರೆ, ಒಪ್ಪಿಗೆಯನ್ನು ಮೂರು ಬಾರಿ ಬೇರೆ ಬೇರೆಯಾಗಿ ಕೇಳುವುದು: ಚಿತ್ರೀಕರಣಕ್ಕೆ ಮುನ್ನ, ತೆಗೆದದ್ದನ್ನು ಅವರಿಗೇ ತೋರಿಸಿದ ಮೇಲೆ, ಮತ್ತು ಎಲ್ಲೆಲ್ಲಿ ಪ್ರದರ್ಶನವಾಗುತ್ತದೆ ಎಂಬುದು ಸ್ಪಷ್ಟವಾದ ಮೇಲೆ. ಮೊದಲ ಬಾರಿ ಕೇಳುವಾಗ ಅವರಿಗೂ ನಮಗೂ ಏನಕ್ಕೆ ಒಪ್ಪುತ್ತಿದ್ದೇವೆ ಎಂಬುದೇ ಪೂರ್ತಿ ತಿಳಿದಿರುವುದಿಲ್ಲ. ‘ಇದನ್ನು ಟಿ.ವಿ.ಯಲ್ಲಿ ಹಾಕುತ್ತೀರಾ?’ ಎಂದು ಅವರು ಕೇಳಿದಾಗ ‘ಇಲ್ಲ’ ಎಂದು ಹೇಳಿ, ಎರಡು ವರ್ಷದ ನಂತರ ಅದನ್ನು ಯೂಟ್ಯೂಬ್‌ಗೆ ಹಾಕಿದರೆ, ಅದು ಟಿ.ವಿ. ಅಲ್ಲ ಎಂಬ ಸಮರ್ಥನೆ ನಡೆಯುವುದಿಲ್ಲ; ಅವರು ಕೇಳಿದ್ದು ತಮ್ಮ ಮುಖ ನೆಂಟರಿಷ್ಟರ ಫೋನಿನಲ್ಲಿ ಕಾಣಿಸುತ್ತದೆಯೆ ಎಂದು.

ಮನೆಯ ಯಜಮಾನರು ಒಪ್ಪಿದ್ದಾರೆ ಎಂದ ಮಾತ್ರಕ್ಕೆ ಅಡುಗೆಮನೆಯಲ್ಲಿರುವ ಹೆಣ್ಣುಮಕ್ಕಳೂ ಒಪ್ಪಿದಂತಾಗುವುದಿಲ್ಲ. ಗೌಡರೋ ಪಂಚಾಯಿತಿ ಅಧ್ಯಕ್ಷರೋ ಒಪ್ಪಿದರೆ ಇಡೀ ಊರು ಒಪ್ಪಿದಂತೆಯೂ ಅಲ್ಲ. ಪ್ರತಿಯೊಬ್ಬರನ್ನೂ, ಅವರು ಧೈರ್ಯವಾಗಿ ‘ಬೇಡ’ ಎನ್ನಬಹುದಾದ ಹೊತ್ತಿನಲ್ಲಿ, ಬೇರೆಯವರು ಸುತ್ತ ನಿಂತಿರದಾಗ ಕೇಳಬೇಕು.

ದೈವದ ಕೋಲ, ಮೈಮೇಲೆ ಬರುವುದು ಮುಂತಾದ ಆಚರಣೆಗಳನ್ನು ಚಿತ್ರೀಕರಿಸಬಹುದೆ?

ತುಳುನಾಡಿನಲ್ಲಿ ಈಗ ಈ ಪ್ರಶ್ನೆ ತುಂಬ ಸೂಕ್ಷ್ಮವಾಗಿದೆ. 2022ರಲ್ಲಿ ದೈವಾರಾಧನೆಯನ್ನು ಕಥೆಯಾಗಿಸಿಕೊಂಡ ಕನ್ನಡ ಚಲನಚಿತ್ರ ದೇಶದಾದ್ಯಂತ ಜನಪ್ರಿಯವಾದ ಮೇಲೆ ದೈವದ ವೇಷವನ್ನೂ ಕೂಗನ್ನೂ ಅನುಕರಿಸುವ ರೀಲ್ಸ್‌ಗಳು ಹರಡಿದವು, ಆರಾಧಕರು ಅದನ್ನು ಬಲವಾಗಿ ವಿರೋಧಿಸಿದರು. ನೇಮ, ಅಂದರೆ ದೈವದ ಉತ್ಸವ, ನಡೆಯುವ ಜಾಗದಲ್ಲಿ ಅಡ್ಡಾಡುವ ಕ್ಯಾಮೆರಾಗಳ ಬಗ್ಗೆ ಅಸಹನೆ ಇದ್ದರೆ ಅದಕ್ಕೆ ಕಾರಣವಿದೆ. ದೈವ ಕಟ್ಟುವವರು, ಆ ಮನೆತನ ಅಥವಾ ಗುತ್ತಿನವರು (ಊರಿನ ಹಿರಿಮನೆಯವರು), ಊರಿನ ಹತ್ತು ಸಮಸ್ತರು ಎಲ್ಲರೂ ಒಪ್ಪಿದರೂ ದೈವ ನುಡಿ ಕೊಡುವಾಗ ಎದುರು ಬರುವ ಕುಟುಂಬದ ವ್ಯಾಜ್ಯ, ಕಾಯಿಲೆ, ಕಣ್ಣೀರು ನಿಮ್ಮ ಚಿತ್ರದ ಸಾಮಗ್ರಿಯಲ್ಲ. ಆ ಹೊತ್ತಿನಲ್ಲಿ ಕ್ಯಾಮೆರಾ ಇಳಿಸುವುದು ಸಂಯಮವಷ್ಟೇ ಅಲ್ಲ, ಅಲ್ಲಿ ನಿಂತಿರುವುದಕ್ಕೆ ನಿಮಗಿರುವ ಅರ್ಹತೆ.

ಇದಕ್ಕೆ ಹಳೆಯದೊಂದು ಉದಾಹರಣೆಯಿದೆ. ಫ್ರೆಂಚ್ ಮಾನವಶಾಸ್ತ್ರಜ್ಞ ಝಾನ್ ರೂಶ್ 1950ರ ದಶಕದ ನಡುವೆ, ಇಂದಿನ ಘಾನಾದ ಅಕ್ರಾ ನಗರದ ಬಳಿ, ದುಡಿಯಲು ವಲಸೆ ಬಂದಿದ್ದ ಜನರ ಹೌಕಾ ಎಂಬ ಮೈಮೇಲೆ ಬರುವ ಆಚರಣೆಯನ್ನು ಚಿತ್ರೀಕರಿಸಿದರು. ಅದನ್ನು ಚಿತ್ರೀಕರಿಸಲು ಕೇಳಿಕೊಂಡವರು ಆ ಪಂಥದವರೇ. ಆದರೆ ಚಿತ್ರವನ್ನು ಪ್ಯಾರಿಸ್ಸಿನಲ್ಲಿ ತೋರಿಸಿದಾಗ ಬಾಯಲ್ಲಿ ನೊರೆ ಬರುವ, ನಾಯಿಯ ರಕ್ತ ಕುಡಿಯುವ ದೃಶ್ಯಗಳನ್ನು ಕಂಡ ಆಫ್ರಿಕಾದ ಪ್ರೇಕ್ಷಕರು ತಮ್ಮ ಜನರನ್ನು ಕಾಡು ಜನರೆಂದು ಕಾಣಿಸಿದಂತಾಯಿತೆಂದು ನೊಂದುಕೊಂಡರು. ಹಿರಿಯ ವಿದ್ವಾಂಸರೇ ಚಿತ್ರವನ್ನು ನಾಶಮಾಡಬೇಕೆಂದರು. ಬ್ರಿಟಿಷ್ ಆಡಳಿತ ನಿಷೇಧಿಸಿತು. ಚಿತ್ರ ತೆಗೆಯಲು ಸಿಕ್ಕ ಒಪ್ಪಿಗೆ ಅದನ್ನು ಎಲ್ಲರ ಮುಂದೆ, ಯಾವ ವಿವರಣೆಯೂ ಇಲ್ಲದೆ ಇಡುವುದಕ್ಕೆ ಸಿಕ್ಕ ಒಪ್ಪಿಗೆಯಲ್ಲ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ಬೇರಾವುದೂ ತಿಳಿಸುವುದಿಲ್ಲ. ಸುತ್ತಲಿನ ನಂಬಿಕೆಯ ಲೋಕವನ್ನು ಕಳಚಿ ಮೈಮೇಲೆ ಬಂದ ಕ್ಷಣವನ್ನಷ್ಟೇ ತೋರಿಸಿದರೆ ನೋಡುವವರಿಗೆ ಉಳಿಯುವುದು ಬೆರಗು ಅಥವಾ ಅಸಹ್ಯ ಮಾತ್ರ.

ಚಿತ್ರೀಕರಣಕ್ಕೆಂದೇ ಒಂದು ಆಚರಣೆಯನ್ನು ಮತ್ತೆ ಮಾಡಿಸಬಹುದೆ?

ಮಾಡಿಸಿದವರು ಬಹಳ ಮಂದಿ. ಟಾರೆಸ್ ದ್ವೀಪಗಳಲ್ಲಿ ಮಿಶನರಿಗಳ ಪ್ರಭಾವದಿಂದ ನಿಂತುಹೋಗಿದ್ದ ಒಂದು ಕುಣಿತವನ್ನು ಹ್ಯಾಡನ್ ಅವರಿಗಾಗಿ ಜನ ರಟ್ಟಿನ ಮುಖವಾಡ ಕಟ್ಟಿಕೊಂಡು ಆಡಿ ತೋರಿಸಿದರು. ಫ್ಲಾಹರ್ಟಿ ಬಂದೂಕು ಬಳಸುತ್ತಿದ್ದ ಜನರಿಗೆ ಭರ್ಜಿ ಹಿಡಿಸಿದರು, ಬೆಳಕು ಸಾಲದೆಂದು ಅರ್ಧ ಕತ್ತರಿಸಿದ ಹಿಮದ ಮನೆಯಲ್ಲಿ ‘ಒಳಾಂಗಣ’ವನ್ನು ಚಿತ್ರೀಕರಿಸಿದರು, ನಾಯಕನ ನಿಜ ಹೆಸರು ನಾನೂಕ್ ಎಂದೂ ಆಗಿರಲಿಲ್ಲ. ಅಮೆರಿಕದ ಸಾಕ್ಷ್ಯಚಿತ್ರಕಾರ ಜಾನ್ ಮಾರ್ಷಲ್ ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ತೆಗೆದ 1957ರ ಬೇಟೆಯ ಚಿತ್ರದಲ್ಲಿ ಹಲವು ಬೇಟೆಗಳ ದೃಶ್ಯಗಳು ಸೇರಿ ಒಂದೇ ಬೇಟೆಯಾಗಿವೆ. ನಮ್ಮ ನೆರೆಯ ಕೇರಳದ ಪಾಂಜಾಲ್‌ನಲ್ಲಿ 1975ರಲ್ಲಿ ನಡೆದ ಅಗ್ನಿಚಯನ ಯಾಗವಂತೂ ವಿದ್ವಾಂಸ ಫ್ರಿಟ್ಸ್ ಸ್ಟಾಲ್ ಮತ್ತು ಚಿತ್ರತಂಡದ ಆಸಕ್ತಿ, ಹಣದ ನೆರವಿನಿಂದ ನೆರವೇರಿತು. ಪ್ರಾಣಿಬಲಿಗೆ ವಿರೋಧ ಬಂದಾಗ ಆಡುಗಳ ಬದಲಿಗೆ ಅಕ್ಕಿಹಿಟ್ಟಿನ ಆಕೃತಿಗಳನ್ನು ಬಳಸಲಾಯಿತು.

ಇವುಗಳನ್ನೆಲ್ಲ ಸುಳ್ಳು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ ತುಳು ಗಾಯಕ ಗೋಪಾಲ ನಾಯ್ಕರಿಂದ, ಬಾಯಿಂದ ಬಾಯಿಗೆ ಬಂದ ಸಿರಿ ಮಹಾಕಾವ್ಯವನ್ನು ಹಾಡಿಸಿಕೊಂಡು ದಾಖಲಿಸಿತು. ಅದು 15,683 ಸಾಲುಗಳ ಪಠ್ಯವಾಗಿ 1998ರಲ್ಲಿ ಪ್ರಕಟವಾಯಿತು. ಸಿರಿ ಜಾತ್ರೆಯ ಗದ್ದಲದಲ್ಲಿ ಅಷ್ಟು ಉದ್ದದ ಹಾಡುಗಾರಿಕೆಯನ್ನು ಒಂದೇ ಹರಿವಿನಲ್ಲಿ ಹಿಡಿಯುವುದು ಸಾಧ್ಯವೇ ಇರಲಿಲ್ಲ. ಹಾಗೆ ಹಾಡಿಸಿಕೊಂಡದ್ದರಿಂದಲೇ ಆ ಕಾವ್ಯದ ವಿಸ್ತಾರ ಜಗತ್ತಿಗೆ ತಿಳಿಯಿತು. ಹೇಗೆ, ಎಲ್ಲಿ, ಯಾರ ಕೋರಿಕೆಯ ಮೇರೆಗೆ ಹಾಡಲಾಯಿತು ಎಂಬುದನ್ನು ಆ ವಿದ್ವಾಂಸರು ವಿವರವಾಗಿ ಬರೆದಿಟ್ಟಿದ್ದಾರೆ. ಚಿತ್ರಕ್ಕೂ ಇದೇ ಅನ್ವಯಿಸುತ್ತದೆ: ಮಾಡಿಸಿಕೊಂಡದ್ದಾದರೆ ಮಾಡಿಸಿಕೊಂಡದ್ದು ಎಂದು ಪ್ರೇಕ್ಷಕರಿಗೆ ಚಿತ್ರದಲ್ಲೇ ತಿಳಿಯಬೇಕು. ಆದರೆ ವ್ರತ, ಮುಹೂರ್ತ, ಮಡಿಗಳಿಗೆ ಒಳಪಟ್ಟ ಆಚರಣೆಯನ್ನು ಬೆಳಕು ಚೆನ್ನಾಗಿಲ್ಲವೆಂದು ಇನ್ನೊಮ್ಮೆ ಮಾಡಿ ಎಂದು ಕೇಳುವುದನ್ನು ನಾನು ಒಪ್ಪುವುದಿಲ್ಲ.

ಯಾವ ಉಪಕರಣಗಳು ಬೇಕು?

ನಿಮ್ಮ ಬಳಿ ಇರುವ ಕ್ಯಾಮೆರಾ ಸಾಕು. ಈಗಿನ ಒಳ್ಳೆಯ ಫೋನೂ ಸಾಕು. ಹಣವಿದ್ದರೆ ಮೈಕ್ ಮತ್ತು ಧ್ವನಿಮುದ್ರಕಕ್ಕೆ ಖರ್ಚು ಮಾಡಿ, ಏಕೆಂದರೆ ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಮುದ್ರಿಸಿದರೆ ಒಂದು ಗಂಟೆಗೆ 45 ಜಿ.ಬಿ. ಬೇಕಾಗುತ್ತದೆ, 40 ಗಂಟೆಯ ದೃಶ್ಯಕ್ಕೆ 1.8 ಟಿ.ಬಿ.; ಅದರ ಎರಡು ಪ್ರತಿಗಳನ್ನಾದರೂ ಇಡಬೇಕಾದ್ದರಿಂದ ಹಾರ್ಡ್ ಡಿಸ್ಕಿನ ವೆಚ್ಚವನ್ನು ಮೊದಲೇ ಲೆಕ್ಕಹಾಕಿಕೊಳ್ಳಿ. ಊರಿನಲ್ಲಿ ಕರೆಂಟು ಯಾವ ಹೊತ್ತು ಇರುತ್ತದೆ ಎಂದು ಕೇಳಿಕೊಂಡು ಬ್ಯಾಟರಿಗಳನ್ನು ಒಯ್ಯಿರಿ.

ನಿರೂಪಣೆ ಮತ್ತು ಹಿನ್ನೆಲೆ ಸಂಗೀತ ಇರಬೇಕೆ?

ಝಾನ್ ರೂಶ್ ನೈಜರ್ ನದಿಯ ನೀರಾನೆ ಬೇಟೆಯ ಕುರಿತು ಚಿತ್ರ ಮಾಡಿ, ಕೆಲವು ವರ್ಷಗಳ ನಂತರ ಅದನ್ನು ಆ ಬೇಟೆಗಾರರಿಗೇ ತೋರಿಸಿದರು. ಬೇಟೆಯ ದೃಶ್ಯಕ್ಕೆ ಅವರು ಅಲ್ಲಿಯದೇ ಬೇಟೆಯ ಸಂಗೀತವನ್ನು ಹಿನ್ನೆಲೆಯಾಗಿ ಸೇರಿಸಿದ್ದರು. ಬೇಟೆಗಾರರು ಅದನ್ನು ಆಕ್ಷೇಪಿಸಿದರು: ನೀರಾನೆಗೆ ಕಿವಿ ಬಹಳ ಚುರುಕು, ಇಷ್ಟು ಸದ್ದು ಮಾಡಿದರೆ ಅದು ಓಡಿಹೋಗುತ್ತದೆ. ರೂಶ್ ಆ ಸಂಗೀತವನ್ನು ತೆಗೆದುಹಾಕಿದರು. ಚಿತ್ರದ ಜನರಿಗೆ ಚಿತ್ರ ತೋರಿಸಿದ್ದರಿಂದ ಸಂಕಲನವೇ ಬದಲಾದ ಈ ಪ್ರಸಂಗವನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಹೊಲದ ಕೆಲಸದ ದೃಶ್ಯಕ್ಕೆ ಕೊಳಲು, ದುಃಖದ ಮಾತಿಗೆ ಸಾರಂಗಿ ಸೇರಿಸುವ ಅಭ್ಯಾಸ ನೋಡುವವರಿಗೆ ಏನನ್ನು ಅನುಭವಿಸಬೇಕೆಂದು ಅಪ್ಪಣೆ ಮಾಡುತ್ತದೆ, ಅಲ್ಲಿಯ ನಿಜವಾದ ಸದ್ದನ್ನು ಮುಚ್ಚಿಹಾಕುತ್ತದೆ. ನಿರೂಪಣೆ ಬೇಕೇಬೇಕೆನಿಸಿದರೆ, ಎಲ್ಲ ಬಲ್ಲವರ ಗಡಸು ಧ್ವನಿಗಿಂತ ಚಿತ್ರ ತೆಗೆದವರ ಸ್ವಂತ ಧ್ವನಿಯೇ ಒಳ್ಳೆಯದು.

ಸಬ್‌ಟೈಟಲ್ ಯಾವ ಭಾಷೆಯಲ್ಲಿರಬೇಕು? ಕನ್ನಡದ ಮಾತಿಗೂ ಕನ್ನಡದಲ್ಲೇ ಸಬ್‌ಟೈಟಲ್ ಹಾಕಬೇಕೆ?

ಜನಾಂಗೀಯ ಚಿತ್ರಗಳಲ್ಲಿ ಸಬ್‌ಟೈಟಲ್ ಬಂದದ್ದು ಸಣ್ಣ ತಾಂತ್ರಿಕ ಬದಲಾವಣೆಯಾಗಿರಲಿಲ್ಲ. ಸಾಕ್ಷ್ಯಚಿತ್ರಕಾರ ದಂಪತಿ ಡೇವಿಡ್ ಮತ್ತು ಜೂಡಿತ್ ಮ್ಯಾಕ್‌ಡೂಗಲ್ ಉಗಾಂಡಾದ ಜಿಯೆ ಪಶುಪಾಲಕರ ನಡುವೆ ಚಿತ್ರೀಕರಿಸಿ 1972ರಲ್ಲಿ ಹೊರತಂದ ಚಿತ್ರದಲ್ಲಿ ಜನರ ಮಾತುಕತೆಯ ಮೇಲೆ ಧ್ವನಿ ಹೇರದೆ ಅದನ್ನು ಅನುವಾದಿಸಿ ಕೆಳಗೆ ಬರೆದರು. ಆಗ ಆ ಪಶುಪಾಲಕರು ಬುದ್ಧಿವಂತರಾಗಿ, ಹಾಸ್ಯಪ್ರಿಯರಾಗಿ, ಸಿಟ್ಟುಗೊಳ್ಳುವ ಮನುಷ್ಯರಾಗಿ ಕಾಣಿಸಿದರು. ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ ಭಾಷೆಗಳ ಚಿತ್ರವಾದರೆ ಕನ್ನಡ ಸಬ್‌ಟೈಟಲ್ ಕಡ್ಡಾಯವಾಗಿರಲಿ, ಇಂಗ್ಲಿಷ್ ಪ್ರತಿ ಬೇರೆಯಾಗಿರಲಿ. ಹೊರದೇಶದ ಉತ್ಸವಕ್ಕೆಂದು ಇಂಗ್ಲಿಷ್ ಪ್ರತಿಯನ್ನಷ್ಟೇ ಮಾಡಿ ಅದನ್ನೇ ಊರಿಗೆ ತರುವವರನ್ನು ಕಂಡಾಗ ಬೇಸರವಾಗುತ್ತದೆ.

ಕಷ್ಟದ ಪ್ರಶ್ನೆ ಎಂದರೆ ಕನ್ನಡದ ಒಳಗಿನದು. ಕಲಬುರಗಿಯ ಅಥವಾ ಕುಂದಾಪುರದ ಅಥವಾ ಹಾಲಕ್ಕಿ ಒಕ್ಕಲಿಗರ ಮಾತಿನ ಕೆಳಗೆ ಪುಸ್ತಕದ ಕನ್ನಡವನ್ನು ಬರೆದರೆ, ಇವರು ಆಡುವುದು ಕನ್ನಡವೇ ಅಲ್ಲ ಎಂದು ಹೇಳಿದಂತಾಗುತ್ತದೆ, ಅದು ಅವರಿಗೆ ನೋವು ಕೊಡುತ್ತದೆ. ಬರೆಯದಿದ್ದರೆ ಬೆಂಗಳೂರಿನ ಪ್ರೇಕ್ಷಕರಿಗೆ ಅರ್ಧ ಮಾತು ತಿಳಿಯುವುದಿಲ್ಲ. ನಾನು ಅನುಸರಿಸುವ ಕ್ರಮ ಇದು: ಸಬ್‌ಟೈಟಲನ್ನೂ ಆ ಮಾತಿನ ರೂಪದಲ್ಲೇ ಬರೆಯುತ್ತೇನೆ, ಕಣ್ಣಿಗೆ ಕಂಡಾಗ ಕಿವಿಗೆ ತಪ್ಪಿದ್ದು ಹೆಚ್ಚಿನ ಮಟ್ಟಿಗೆ ತಿಳಿಯುತ್ತದೆ, ತಿಳಿಯದ ಒಂದೆರಡು ಪದಗಳಿಗೆ ಮಾತ್ರ ಪರ್ಯಾಯ ಕೊಡುತ್ತೇನೆ. ಅನುವಾದಿಸಿದ್ದನ್ನು ಆ ಮಾತು ಆಡಿದವರ ಎದುರು ಗಟ್ಟಿಯಾಗಿ ಓದಿ ಹೇಳಬೇಕು; ‘ನಾನು ಹಂಗ ಅಂದಿಲ್ಲ’ ಎಂಬ ತಿದ್ದುಪಡಿ ಎಷ್ಟೋ ಬಾರಿ ಚಿತ್ರದ ಅರ್ಥವನ್ನೇ ಉಳಿಸಿದೆ.

ತಾಂತ್ರಿಕವಾಗಿ ಎರಡು ಎಚ್ಚರಗಳು ಬೇಕು. ಒಂದು ಬಾರಿಗೆ ಎರಡೇ ಸಾಲು, ಸಾಲಿಗೆ ಸುಮಾರು 35 ಅಕ್ಷರ, ಓದಲು ಕನಿಷ್ಠ 2 ಸೆಕೆಂಡು ಇರಲಿ. ಕೆಲವು ಸಂಕಲನ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಸಕ್ರಿಯಗೊಳಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆದುರುತ್ತವೆ. ಇಡೀ ಚಿತ್ರಕ್ಕೆ ಹಾಕುವ ಮುನ್ನ ‘ಸ್ತ್ರೀ’, ‘ಜ್ಞಾನ’, ‘ಸಾಕ್ಷ್ಯ’ ಎಂದು ಬರೆದು ಪರೀಕ್ಷಿಸಿ ನೋಡಿ.

ಚಿತ್ರವನ್ನು ಮೊದಲು ಯಾರಿಗೆ ತೋರಿಸಬೇಕು?

ಚಿತ್ರದಲ್ಲಿರುವವರಿಗೆ, ಅದೂ ಚಿತ್ರ ಇನ್ನೂ ಬದಲಾಯಿಸಬಹುದಾದ ಸ್ಥಿತಿಯಲ್ಲಿರುವಾಗಲೇ. ಉತ್ಸವದಲ್ಲಿ ಪ್ರಶಸ್ತಿ ಪಡೆದ ಮೇಲೆ ಊರಿಗೆ ತಂದು ತೋರಿಸಿದರೆ ಅದು ಸನ್ಮಾನ ಸಮಾರಂಭವಾಗುತ್ತದೆ. ಆಗ ಯಾರೂ ನಿಮ್ಮನ್ನು ತಿದ್ದುವುದಿಲ್ಲ. ಫ್ಲಾಹರ್ಟಿಯವರ ಚಿತ್ರದ ಬಗ್ಗೆ ಎಷ್ಟೇ ಆಕ್ಷೇಪಗಳಿದ್ದರೂ, ತೆಗೆದ ದೃಶ್ಯಗಳನ್ನು ಅಲ್ಲೇ ಸಂಸ್ಕರಿಸಿ ಇನೂಯಿಟ್ ಜನರಿಗೆ ತೋರಿಸುತ್ತ, ಮುಂದೇನು ಮಾಡಬೇಕೆಂದು ಅವರೊಂದಿಗೆ ಮಾತನಾಡುತ್ತ ಕೆಲಸ ಮಾಡಿದ್ದು ಅವರ ದೊಡ್ಡ ಗುಣ. ಈಗ ಲ್ಯಾಪ್‌ಟಾಪ್ ತೆರೆದರೆ ಸಾಕು, ಅಷ್ಟೂ ಮಾಡದಿರುವುದಕ್ಕೆ ನೆಪವಿಲ್ಲ.

ಒಮ್ಮೆ ನಾನು ಒಂದು ಕುಟುಂಬಕ್ಕೆ ಕರಡು ಚಿತ್ರವನ್ನು ತೋರಿಸುತ್ತಿದ್ದೆ. ಬುಟ್ಟಿ ಹೆಣೆಯುವ ದೀರ್ಘ ದೃಶ್ಯ ನನಗೆ ತುಂಬ ಇಷ್ಟವಾಗಿತ್ತು. ಮನೆಯ ಹಿರಿಯ ಹೆಂಗಸು ಸುಮ್ಮನೆ ನೋಡಿ, ಬಿದಿರು ತರಲು ಹೋಗುವ ದಾರಿಯನ್ನು ಏಕೆ ತೋರಿಸಿಲ್ಲ ಎಂದು ಕೇಳಿದರು. ಅವರ ಪಾಲಿಗೆ ಕೆಲಸವೆಂದರೆ ಅದೇ ಆಗಿತ್ತು: ಬೆಳಗಿನ ಜಾವದ ನಡಿಗೆ, ಬೇಲಿ, ಕಾವಲುಗಾರ, ಹೊರೆ. ಹೆಣಿಗೆ ಅವರಿಗೆ ಕುಳಿತು ಸುಧಾರಿಸಿಕೊಳ್ಳುವ ಹೊತ್ತು. ನಾನು ಮತ್ತೆ ಹೋಗಿ ಆ ದಾರಿಯನ್ನು ಚಿತ್ರೀಕರಿಸಿದೆ, ಚಿತ್ರ ಅಲ್ಲಿಂದಲೇ ಶುರುವಾಯಿತು.

ಊರಿನಲ್ಲಿ ಪ್ರದರ್ಶನ ಏರ್ಪಡಿಸುವುದು ಹೇಗೆ?

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು 1970ರ ದಶಕದಲ್ಲಿ ನೀನಾಸಮ್ ಚಿತ್ರಸಮಾಜದ ಮೂಲಕ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟರು. ಕನ್ನಡದಲ್ಲಿ ಮೊದಲು ಪರಿಚಯ ಮಾಡಿಕೊಟ್ಟರೆ ದೂರದ ದೇಶದ ಚಿತ್ರವನ್ನೂ ಅಡಿಕೆ ತೋಟದ ಕೆಲಸಗಾರರು ಆಸ್ಥೆಯಿಂದ ನೋಡುತ್ತಾರೆ ಎಂಬುದು ಅಲ್ಲಿ ಸಾಬೀತಾಯಿತು. ಹಳ್ಳಿಯ ಪ್ರೇಕ್ಷಕರಿಗೆ ನಿಧಾನದ ಚಿತ್ರ ಹಿಡಿಸುವುದಿಲ್ಲ ಎಂಬ ಮಾತನ್ನು ನಂಬಬೇಡಿ.

ಜಾಗವನ್ನು ಆರಿಸುವಾಗ ಹೆಚ್ಚು ಯೋಚಿಸಿ. ದೇವಸ್ಥಾನದ ಅಂಗಳಕ್ಕೆ ಊರಿನ ಎಲ್ಲರೂ ಬರುವುದಿಲ್ಲ, ಕೆಲವರು ಬಂದರೂ ದೂರ ನಿಲ್ಲುತ್ತಾರೆ. ಒಂದು ಕೇರಿಯ ಸಮುದಾಯ ಭವನಕ್ಕೆ ಇನ್ನೊಂದು ಕೇರಿಯವರು ಕಾಲಿಡದಿರಬಹುದು. ಸರ್ಕಾರಿ ಶಾಲೆಯ ಮೈದಾನ ಬಹುಮಟ್ಟಿಗೆ ಎಲ್ಲರದ್ದಾಗಿರುತ್ತದೆ. ಹಾಲು ಕರೆದು, ಡೇರಿಗೆ ಹಾಕಿ, ಊಟ ಮುಗಿಸುವ ಹೊತ್ತಿಗೆ, ಅಂದರೆ ರಾತ್ರಿ ಎಂಟರ ನಂತರ ಆರಂಭಿಸಿದರೆ ಹೆಂಗಸರೂ ಬರಲು ಸಾಧ್ಯ. ಸುಗ್ಗಿಯ ದಿನಗಳು, ಪಕ್ಕದೂರಿನ ಜಾತ್ರೆ, ದೊಡ್ಡ ಕ್ರಿಕೆಟ್ ಪಂದ್ಯ ಇರುವ ರಾತ್ರಿ ಬೇಡ. ಪ್ರೊಜೆಕ್ಟರ್ ಮತ್ತು ಧ್ವನಿವರ್ಧಕ ಎರಡಕ್ಕೂ ಆಗುವಷ್ಟು ಜನರೇಟರ್ ಇರಲಿ. ಬಿಳಿ ಪಂಚೆಯೂ ಪರದೆಯಾಗಬಲ್ಲದು, ಹಿಂದೆ ಗಾಳಿ ಬೀಸದಿದ್ದರೆ.

ಚಿತ್ರೀಕರಣದ ನಂತರ ತೀರಿಕೊಂಡವರು ಪರದೆಯ ಮೇಲೆ ಬರುತ್ತಾರಾದರೆ ಆ ಮನೆಯವರಿಗೆ ಮೊದಲೇ ತಿಳಿಸಬೇಕು, ಸಾಧ್ಯವಾದರೆ ಅವರಿಗೆ ಪ್ರತ್ಯೇಕವಾಗಿ ತೋರಿಸಿರಬೇಕು. ಪ್ರದರ್ಶನದ ಮಧ್ಯೆ ಜನ ಜೋರಾಗಿ ಮಾತನಾಡುತ್ತಾರೆ, ಹೆಸರು ಹಿಡಿದು ಕೂಗುತ್ತಾರೆ, ನಗುತ್ತಾರೆ, ಸುಮ್ಮನಿರಿಸಬೇಡಿ. ಆ ಮಾತುಗಳನ್ನು ಧ್ವನಿಮುದ್ರಿಸಿಕೊಂಡರೆ ನಿಮ್ಮ ಚಿತ್ರಕ್ಕೆ ಅದಕ್ಕಿಂತ ಉತ್ತಮ ವ್ಯಾಖ್ಯಾನ ಸಿಗದು. ಮರುದಿನ ಚಿತ್ರದಲ್ಲಿರುವ ಪ್ರತಿ ಮನೆಗೂ ಪೆನ್‌ಡ್ರೈವಿನಲ್ಲೋ ಫೋನಿನ ಮೆಮೊರಿ ಕಾರ್ಡಿನಲ್ಲೋ ಒಂದು ಪ್ರತಿಯನ್ನು ಕೊಟ್ಟು ಬರಬೇಕು.

ಒಂದು ದೃಶ್ಯವನ್ನು ತೆಗೆದುಹಾಕಿ ಎಂದು ಅವರು ಕೇಳಿದರೆ?

ಯಾರು ಕೇಳುತ್ತಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ದೃಶ್ಯದಲ್ಲಿರುವ ವ್ಯಕ್ತಿಯೇ ತನ್ನ ಮುಖ ಅಥವಾ ಮಾತು ಬೇಡವೆಂದರೆ ಮರುಮಾತಿಲ್ಲದೆ ತೆಗೆಯಬೇಕು, ಚಿತ್ರ ಕುಂಟಿದರೂ ಸರಿ. ಆದರೆ ಕೂಲಿಯ ಬಗ್ಗೆ, ಕುಡಿಯುವ ನೀರಿನ ಬಾವಿಯ ಬಗ್ಗೆ ಒಬ್ಬರು ಆಡಿದ ಮಾತನ್ನು ಊರಿನ ಪ್ರಬಲರು ತೆಗೆಸಲು ಬಂದರೆ, ಅದು ಒಪ್ಪಿಗೆಯ ಪ್ರಶ್ನೆಯಲ್ಲ. ಆಗ ಮಾತನಾಡಿದವರ ಸುರಕ್ಷತೆಯೇ ನಿರ್ಣಾಯಕ. ಅವರು ಊರಿನಲ್ಲೇ ಬದುಕಬೇಕು, ನಾವು ಬಸ್ಸು ಹತ್ತಿ ಹೋಗುತ್ತೇವೆ. ಅವರೊಂದಿಗೆ ಕುಳಿತು ನಿರ್ಧರಿಸಿ; ಕೆಲವೊಮ್ಮೆ ಆ ಭಾಗವನ್ನು ಊರಿನ ಪ್ರದರ್ಶನದಿಂದ ಹೊರಗಿಟ್ಟು ಬೇರೆಡೆ ಮಾತ್ರ ತೋರಿಸುವ ದಾರಿ ಅವರಿಗೇ ತೋಚುತ್ತದೆ, ಕೆಲವೊಮ್ಮೆ ಅವರು ಇನ್ನಷ್ಟು ಗಟ್ಟಿಯಾಗಿ ಹೇಳಬೇಕೆನ್ನುತ್ತಾರೆ.

ಸೆನ್ಸಾರ್ ಪ್ರಮಾಣಪತ್ರ ಬೇಕೆ? ಚಿತ್ರೋತ್ಸವಗಳಿಗೆ ಕಳುಹಿಸುವುದು ಹೇಗೆ?

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಭಾರತದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಸಾಕ್ಷ್ಯಚಿತ್ರಕ್ಕೂ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳಿಗೆ ಸರ್ಕಾರದಿಂದ ವಿನಾಯಿತಿ ಪಡೆಯುವ ವ್ಯವಸ್ಥೆಯಿದ್ದು ಆ ಕೆಲಸವನ್ನು ಸಂಘಟಕರೇ ನೋಡಿಕೊಳ್ಳುತ್ತಾರೆ. ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಮತ್ತು ತಿರುವನಂತಪುರದಲ್ಲಿ 2008ರಿಂದ ನಡೆಯುತ್ತಿರುವ ಸಾಕ್ಷ್ಯಚಿತ್ರ ಹಾಗೂ ಕಿರುಚಿತ್ರೋತ್ಸವ ನಮಗೆ ಹತ್ತಿರದವು; ಬ್ರಿಟನ್ನಿನ ರಾಯಲ್ ಆಂತ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್, ಜರ್ಮನಿಯ ಗಟಿಂಗನ್, ಪ್ಯಾರಿಸ್ಸಿನ ಝಾನ್ ರೂಶ್ ಉತ್ಸವಗಳು ಈ ಪ್ರಕಾರಕ್ಕೇ ಮೀಸಲಾದವು. ಪ್ರವೇಶ ಶುಲ್ಕಗಳು ಸೇರುತ್ತ ಹೋದರೆ ದೊಡ್ಡ ಮೊತ್ತವಾಗುತ್ತದೆ, ಆದ್ದರಿಂದ ನಾಲ್ಕೈದನ್ನು ಮಾತ್ರ ಆರಿಸಿಕೊಳ್ಳಿ.

ಯೂಟ್ಯೂಬ್‌ನಲ್ಲಿ ಹಾಕಿದರೆ ಎಲ್ಲರೂ ನೋಡಬಹುದಲ್ಲ?

ನೋಡಬಹುದು, ಕತ್ತರಿಸಿ ಬೇರೆ ಹಾಡು ಸೇರಿಸಿ ಹಂಚಲೂಬಹುದು, ಕೆಳಗೆ ಜಾತಿ ಹಿಡಿದು ಬೈಯಲೂಬಹುದು. ಮೊದಲು ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ ಹಾಕಿ, ಚಿತ್ರದವರು ಮತ್ತು ಅವರ ಊರು ಬಿಟ್ಟ ಮಕ್ಕಳು ನೋಡಿ ಒಪ್ಪಿದ ಮೇಲೆ ತೆರೆಯುವುದು ಕ್ಷೇಮ. ದುಬೈಯಲ್ಲೋ ಮುಂಬೈಯಲ್ಲೋ ಇರುವ ಆ ಮಕ್ಕಳೇ ನಿಮ್ಮ ಅತ್ಯಂತ ಆಸಕ್ತ ಪ್ರೇಕ್ಷಕರು, ಅತ್ಯಂತ ಕಟುವಾದ ವಿಮರ್ಶಕರೂ ಹೌದು. ಪ್ರತಿಕ್ರಿಯೆಗಳನ್ನು ದಿನವೂ ನೋಡಿಕೊಳ್ಳಲು ಆಗದಿದ್ದರೆ ಆ ಸೌಲಭ್ಯವನ್ನು ಮುಚ್ಚಿಬಿಡಿ. ನೀವೇ ಮುದ್ರಿಸಿದ ಜನಪದ ಹಾಡು ಹಿಂದಿನ ಯಾವುದೋ ಕ್ಯಾಸೆಟ್ಟಿನ ಹಾಡಿಗೆ ಹೋಲುವುದರಿಂದ ಹಕ್ಕುಸ್ವಾಮ್ಯದ ಸೂಚನೆ ಬರುವ ಸಾಧ್ಯತೆಯೂ ಇದೆ. ಎಲ್ಲಿ, ಯಾವ ದಿನ, ಯಾರಿಂದ ಹಾಡಿಸಿಕೊಂಡಿರಿ ಎಂಬ ದಾಖಲೆ ಕೈಯಲ್ಲಿದ್ದರೆ ಉತ್ತರಿಸಬಹುದು.

ಚಿತ್ರದಿಂದ ಹಣ ಬಂದರೆ ಅದರಲ್ಲಿ ಹಾಡಿದವರಿಗೆ, ಕುಣಿದವರಿಗೆ ಪಾಲಿದೆಯೆ?

ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು 50 ವರ್ಷಗಳ ಅವಧಿಗೆ ಮಾನ್ಯ ಮಾಡುತ್ತದೆ. ಗಾಯಕರು, ನರ್ತಕರ ಜೊತೆಗೆ ದೊಂಬರಾಟದವರು ಮತ್ತು ಹಾವಾಡಿಗರನ್ನೂ ಪ್ರದರ್ಶಕರೆಂದು ಅದು ಹೆಸರಿಸಿದೆ. ಕಾನೂನು ಹೇಳುವುದಕ್ಕಿಂತ ಹೆಚ್ಚಿನದನ್ನು ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಚಿತ್ರೀಕರಣದ ದಿನ ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನು, ಕಲಾವಿದರಿಗೆ ಅವರ ವಾಡಿಕೆಯ ಸಂಭಾವನೆಯನ್ನು ಕೊಡಿ. ದುಡ್ಡು ಕೊಟ್ಟರೆ ಸಹಜತೆ ಕೆಡುತ್ತದೆ ಎಂಬ ವಾದವನ್ನು ಸಾಮಾನ್ಯವಾಗಿ ಸಂಬಳ ಪಡೆಯುವವರೇ ಮಾಡುತ್ತಾರೆ. ಜಾನಪದ ಅಧ್ಯಯನಗಳಲ್ಲಿ ಇಂಥವರನ್ನು ‘ವಕ್ತೃ’ ಎಂದು ಕರೆದು ಹೆಸರನ್ನು ಅನುಬಂಧಕ್ಕೆ ಸೇರಿಸುವ ರೂಢಿಯಿತ್ತು. ಅವರು ಬಯಸಿದರೆ ಅವರ ಹೆಸರು ಚಿತ್ರದ ಆರಂಭದಲ್ಲೇ, ನಿರ್ದೇಶಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ.

ಚಿತ್ರದಲ್ಲಿ ಬಳಸದೆ ಉಳಿದ ದೃಶ್ಯಗಳನ್ನು ಏನು ಮಾಡಬೇಕು?

ಒಂದು ಗಂಟೆಯ ಚಿತ್ರಕ್ಕೆ ನಲವತ್ತು ಗಂಟೆ ತೆಗೆದಿದ್ದರೆ ಮೂವತ್ತೊಂಬತ್ತು ಗಂಟೆ ಉಳಿದಿರುತ್ತದೆ, ಊರಿನವರಿಗೆ ಮುಂದೆ ಹೆಚ್ಚು ಬೇಕಾಗುವುದು ಅದೇ. ಜಾನ್ ಮಾರ್ಷಲ್ 1950ರ ದಶಕದಿಂದ ಅರ್ಧ ಶತಮಾನ ಕಲಹರಿಯ ಜುಹ್ವಾನ್ಸಿ ಜನರನ್ನು ಚಿತ್ರೀಕರಿಸಿದರು. ಬೇಟೆಯಿಂದಲೇ ಬದುಕುವ ಅಮಾಯಕರೆಂಬ ಕಲ್ಪನೆ ಹರಡಲು ತಮ್ಮ ಮೊದಲ ಚಿತ್ರವೂ ಕಾರಣವಾಯಿತೆಂದು ಅವರಿಗೆ ಮುಂದೆ ಅರಿವಾಯಿತು. ಜಮೀನು, ನೀರು ಕೇಳುತ್ತಿದ್ದ ಆ ಜನರನ್ನು ಆ ಕಲ್ಪನೆ ಹೇಗೆ ಕಾಡಿತು ಎಂಬುದನ್ನು ತೋರಿಸಲು 2002ರ ಐದು ಭಾಗಗಳ ಚಿತ್ರದಲ್ಲಿ ಹಳೆಯ ದೃಶ್ಯಗಳನ್ನೇ ಮತ್ತೆ ಬಳಸಿದರು. ಆ ಸಂಗ್ರಹ 2009ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು.

ಪ್ರತಿ ತುಣುಕಿಗೂ ದಿನಾಂಕ, ಜಾಗ, ಅದರಲ್ಲಿರುವವರ ಹೆಸರು, ಏನು ನಡೆಯುತ್ತಿದೆ ಎಂಬ ಒಂದು ಸಾಲು, ಯಾರಿಗೆ ತೋರಿಸಬಹುದು ಎಂಬ ಷರತ್ತು ಇವಿಷ್ಟನ್ನು ಅಂದಂದೇ ಕನ್ನಡದಲ್ಲಿ ಬರೆದಿಡಿ. ಹತ್ತು ವರ್ಷದ ಮೇಲೆ ಹೆಸರಿಲ್ಲದ ಮುಖಗಳನ್ನು ಗುರುತಿಸುವವರು ಇರುವುದಿಲ್ಲ. ಒಂದು ಪ್ರತಿಯನ್ನು ವಿಶ್ವವಿದ್ಯಾಲಯದ ಜಾನಪದ ವಿಭಾಗಕ್ಕೋ, ಸಂಗೀತ ಪ್ರಧಾನವಾದದ್ದಾದರೆ 1982ರಿಂದ ಇಂತಹ ಧ್ವನಿ-ದೃಶ್ಯಗಳನ್ನು ಕಾಪಾಡುತ್ತಿರುವ ಗುರುಗ್ರಾಮದ ಜನಾಂಗೀಯ ಸಂಗೀತ ಸಂಗ್ರಹಾಲಯಕ್ಕೋ ಒಪ್ಪಿಸುವ ಬಗ್ಗೆ ವಿಚಾರಿಸಿ. ಇನ್ನೊಂದು ಪ್ರತಿ ಊರಿನಲ್ಲೇ ಇರಲಿ: ಶಾಲೆಯ ಕಂಪ್ಯೂಟರಿನಲ್ಲೋ, ಪಂಚಾಯಿತಿ ಗ್ರಂಥಾಲಯದಲ್ಲೋ, ಊರಿನವರು ತಾವೇ ಆರಿಸಿದ ಒಬ್ಬರ ಮನೆಯಲ್ಲೋ. ಎರಡು ವರ್ಷಕ್ಕೊಮ್ಮೆ ಹೋಗಿ ಡಿಸ್ಕ್ ತೆರೆಯುತ್ತದೆಯೆ ಎಂದು ನೋಡಿ, ಹಳತಾಗಿದ್ದರೆ ಹೊಸದಕ್ಕೆ ನಕಲು ಮಾಡಿ ಕೊಡಬೇಕು.